ಎಣ್ಣೆ ಕರಗುವವರೆಗೂ ಕೂತವರು

ಆ ಮೇಡಂಗೆ ನಮ್ಮ ಕಡೆಯಿಂದ ಬೇರೆ ಊರಿಗೆ ವರ್ಗವಾದ ದಿನ ಊರಿನ ನಾಲ್ಕು ಜನ ವರ್ತಕರು ನನ್ನ ಅಂಗಡಿಗೇ ಬಂದು ಎರಡು ಕೆಜಿ ಮೈಸೂರು ಪಾಕ್ ಕೇಳಿದರು. ಏನು ವಿಶೇಷ ಎಂದೆ. "ಪೀಡೆ ತೊಲಗ್ತಲ್ಲ ಕಣಪ್ಪ, ಬಾಯಿ ಸಿಹಿ ಮಾಡ್ಕಳನ ಅಂತ" ಎಂದರು. ತಕ್ಕಡಿಯ ಹತ್ತಿರ ತಂದಿದ್ದ ತಟ್ಟೆಯನ್ನು ಹಾಗೇ ವಾಪಸ್ಸು ಗಾಜಿನ ಬೀರುವಿನಲ್ಲಿಟ್ಟು, "ಇವತ್ತು ವ್ಯಾಪಾರ ಇಲ್ಲ" ಎಂದೆ. "ಬೀರು ತುಂಬ ಇಟ್ಕಂಡು ಇಲ್ಲ ಅಂತೀಯಲ್ಲಾ" ಎಂದು ಒಬ್ಬರು ರೇಗಿದರು. "ಇದೆ. ನಿಮಗೆ ಕೊಡಲ್ಲ" ಎಂದು ಬೆಳಿಗ್ಗೆ ಹನ್ನೊಂದಕ್ಕೇ ಷಟರ್ ಎಳೆದುಬಿಟ್ಟೆ. ತುರುವೇಕೆರೆಯಲ್ಲಿ ನಮ್ಮ ತಂದೆ ಇಟ್ಟ ಈ ಮಿಠಾಯಿ ಅಂಗಡಿಯ ಬಾಗಿಲು ಆ ಹೊತ್ತಿಗೆ ಮುಚ್ಚಿದ್ದು ಅಪ್ಪ ತೀರಿಕೊಂಡ ದಿನ ಬಿಟ್ಟರೆ ಅದೊಂದೇ ಸಲ.

ಕಳೆದ ತಿಂಗಳು ಆ ಮೇಡಂ ನಿವೃತ್ತರಾದರಂತೆ, ಎಲ್ಲೋ ಬಯಲುಸೀಮೆಯ ಇನ್ನೊಂದು ಮೂಲೆಯಲ್ಲಿ. ಹಾರ ಹಾಕಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ನೋಡಿಕೊಳ್ಳುತ್ತಿದ್ದ ನಮ್ಮ ಮೂರು ತಾಲ್ಲೂಕಿನಲ್ಲಂತೂ ಯಾರೂ ಒಂದು ಮಾತು ಆಡಲಿಲ್ಲ. ಯಾರೂ ಆಡದೆ ಇದ್ದುದಕ್ಕೇ ನಾನು ಬರೆಯುತ್ತಿದ್ದೇನೆ. ಓದಿ ಹೊಟ್ಟೆ ಉರಿದುಕೊಳ್ಳುವವರು ಧಾರಾಳವಾಗಿ ಉರಿದುಕೊಳ್ಳಲಿ.

ಹೆಸರು ಬರೆಯುವುದಿಲ್ಲ. ಅದು ಅವರಿಂದಲೇ ಕಲಿತದ್ದು. ಅಂಗಡಿಯಿಂದ ತೆಗೆದ ಸ್ಯಾಂಪಲ್ಲು ಸರ್ಕಾರಿ ಲ್ಯಾಬಿಗೆ ಹೋಗುವಾಗ ಬಾಟಲಿಯ ಮೇಲೆ ಅಂಗಡಿಯ ಹೆಸರಿರುವುದಿಲ್ಲ, ಬರೀ ಒಂದು ಕೋಡ್ ನಂಬರ್ ಇರುತ್ತದೆ. ಯಾರ ಮಾಲು ಎಂದು ಗೊತ್ತಿಲ್ಲದೆ ಪರೀಕ್ಷೆ ಆಗಬೇಕು, ಆಗ ಅದು ಪರೀಕ್ಷೆ ಎನ್ನುತ್ತಿದ್ದರು. ಹಾಗೆಯೇ ಇಲ್ಲಿಯೂ ಇರಲಿ. ಸರ್ಕಾರದ ಕಾಗದದಲ್ಲಿ ಅವರು ಆಹಾರ ಸುರಕ್ಷತಾ ಅಧಿಕಾರಿ. ಊರವರ ಬಾಯಲ್ಲಿ 'ಸ್ಯಾಂಪಲ್ ಮೇಡಂ'.

ಕುಳ್ಳಗಿನ ಹೆಂಗಸು. ಕನ್ನಡಕ ಯಾವಾಗಲೂ ದಾರಕ್ಕೆ ಕಟ್ಟಿ ಕೊರಳಲ್ಲಿ ತೂಗುತ್ತಿತ್ತು. ಜೀಪು ಇತ್ತಂತೆ, ಆದರೆ ಅದು ಯಾವತ್ತೂ ಬೇರೆ ಯಾರಿಗೋ ಬೇಕಾಗಿರುತ್ತಿತ್ತು. ಇವರು ತಿಪಟೂರಿನಿಂದ ಬಸ್ಸಿನಲ್ಲೇ ಬರುತ್ತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ವೈರಿನ ದೊಡ್ಡ ಬುಟ್ಟಿ. ಅದರೊಳಗೆ ತೊಳೆದು ಒಣಗಿಸಿದ ಬಾಟಲಿಗಳು, ದಪ್ಪ ಕಾಗದ, ದಾರ, ಅರಗಿನ ಕಡ್ಡಿ, ಹಿತ್ತಾಳೆಯ ಮೊಹರು, ಮೇಣದ ಬತ್ತಿ, ಬೆಂಕಿಪೊಟ್ಟಣ. ಒಂದು ಪಕ್ಕದಲ್ಲಿ ಅವರ ಊಟದ ಡಬ್ಬಿ ಮತ್ತು ನೀರು. ಬಸ್ಸಿನಲ್ಲಿ ಆ ಬುಟ್ಟಿ ತೊಡೆಯ ಮೇಲೇ ಇರುತ್ತಿತ್ತು. ಒಮ್ಮೆ ಕಂಡಕ್ಟರು ಕೆಳಗಿಡಿ ಎಂದದ್ದಕ್ಕೆ, "ನನ್ನನ್ನ ಬೇಕಾದ್ರೆ ಕೆಳಗಿಡಿ" ಎಂದಿದ್ದರಂತೆ.

ಯಾರ ಅಂಗಡಿಯಲ್ಲೂ ಒಂದು ಲೋಟ ಕಾಫಿ ಕುಡಿದವರಲ್ಲ. ಅದನ್ನಾದರೂ ಜನ ಸಹಿಸಿಕೊಂಡರು. ಎಳನೀರು ಬೇಡ ಎಂದದ್ದನ್ನು ಮಾತ್ರ ಸಹಿಸಲಿಲ್ಲ. ನಮ್ಮ ಸೀಮೆಯಲ್ಲಿ ಬಾಗಿಲಿಗೆ ಬಂದ ಶತ್ರುವಿಗೂ ಎಳನೀರು ಕೆತ್ತಿ ಕೊಡುತ್ತೇವೆ. ಬೇಡ ಎಂದರೆ ಮನೆತನಕ್ಕೇ ಅವಮಾನ ಮಾಡಿದಂತೆ. ದಬ್ಬೇಘಟ್ಟದ ಕಡೆಯ ಒಬ್ಬ ಯಜಮಾನರು ಕೆತ್ತಿದ ಕಾಯಿ ಹಿಡಿದುಕೊಂಡೇ ಇವರ ಹಿಂದೆ ಬಸ್ ಸ್ಟಾಪಿನವರೆಗೂ ಬಂದು ಜಗಳ ಆಡಿದ್ದರು. "ಎಳನೀರಿಗೇನು ಪಾಮಾಯಿಲ್ ಬೆರೆಸಕ್ಕಾಯ್ತದಾ ಮೇಡಮ್ಮೋರೆ?" ಎಂದರು. ಇವರು, "ಆಗಲ್ಲ, ಗೊತ್ತು. ಆದ್ರೆ ಇವತ್ತು ನಿಮ್ಮ ಎಳನೀರು ಕುಡಿದು, ನಾಳೆ ನಿಮ್ಮ ಅಳಿಯನ ಅಂಗಡಿಗೆ ಹೋದ್ರೆ ನನ್ನ ಕೈ ಸಡಿಲ ಆಗ್ತದೆ" ಎಂದರು. ಅಳಿಯನಿಗೆ ಕಿರಾಣಿ ಅಂಗಡಿ ಇರುವುದು ಇವರಿಗೆ ಹೇಗೆ ಗೊತ್ತಾಯಿತೆಂದು ಯಜಮಾನರು ಬಾಯಿ ಬಿಟ್ಟುಕೊಂಡು ನಿಂತರಂತೆ.

ನಯ ನಾಜೂಕು ಎನ್ನುವುದು ಅವರ ಹತ್ತಿರ ಸುಳಿದಿರಲಿಲ್ಲ. ಅದನ್ನೂ ಹೇಳಬೇಕು. ಸಂಪಿಗೆ ಎಂಬ ಊರಲ್ಲಿ ಒಂದು ಮದುವೆಗೆ ಬಂದವರು ಎಲೆಯ ಮುಂದೆ ಕೂತು ಲಾಡನ್ನು ಮುರಿದು ಬೆಳಕಿಗೆ ಹಿಡಿದು ನೋಡಿದರು. ಪಂಕ್ತಿಯಲ್ಲಿದ್ದವರೆಲ್ಲ ಬಾಯಿಗೆ ಹೋಗುತ್ತಿದ್ದ ಕೈ ನಿಲ್ಲಿಸಿದರು. ಇವರು ನಿಧಾನವಾಗಿ "ಚೆನ್ನಾಗಿದೆ" ಎಂದು ತಿಂದರು. ಅಡುಗೆಯವರಿಗೆ ಜೀವ ಬಂತು, ಆದರೆ ಆಮೇಲೆ ಅವರನ್ನು ಯಾರೂ ಮದುವೆಗೆ ಕರೆಯಲಿಲ್ಲ. ಕರೆಯದಿದ್ದುದು ಅವರಿಗೆ ಗೊತ್ತಾದ ಹಾಗೂ ಕಾಣಲಿಲ್ಲ.

ನನ್ನ ಅವರ ಪರಿಚಯ ಜಗಳದಿಂದಲೇ ಶುರುವಾಯಿತು. ಎದುರು ಸಾಲಿನ ಕಿರಾಣಿ ಅಂಗಡಿಯಲ್ಲಿ ಖಾರದ ಪುಡಿಯ ಸ್ಯಾಂಪಲ್ ತೆಗೆಯುತ್ತಿದ್ದರು. ತೆಗೆಯುವಾಗ ಹೊರಗಿನವರೊಬ್ಬರು ಪಕ್ಕದಲ್ಲಿ ನಿಂತು ನೋಡಿ, ಸಾಕ್ಷಿಯಾಗಿ ಸಹಿ ಹಾಕಬೇಕು. ಅಂಗಡಿಯಿಂದ ಅಂಗಡಿಗೆ ಹೋಗಿ ಕೇಳಿದರು. ಟೈಲರು ಮೆಷಿನ್ನಿನ ಸದ್ದು ಜೋರು ಮಾಡಿದ. ಹೂವಿನವಳು ತನಗೆ ಸಹಿ ಬರುವುದಿಲ್ಲ ಎಂದಳು. ಹಾರ್ಡ್‌ವೇರ್ ಅಂಗಡಿಯವನು ಯಾರೂ ಮಾಡದ ಫೋನನ್ನು ಎತ್ತಿ ಮಾತಾಡತೊಡಗಿದ. ಆಗ ಇವರು ರಸ್ತೆಯ ನಡುವೆ ನಿಂತು, ಸಂತೆಗೆಲ್ಲ ಕೇಳುವ ಹಾಗೆ, "ಈ ಊರಲ್ಲಿ ಕಣ್ಣು ಕಾಣೋರು ಒಬ್ಬರೂ ಇಲ್ವೇನ್ರೀ?" ಎಂದರು. ನನಗೆ ಪಿತ್ತ ನೆತ್ತಿಗೇರಿತು. ನಮ್ಮ ಊರನ್ನು ಅನ್ನುವುದಕ್ಕೆ ಇವರ್ಯಾರು? ದಡದಡ ಹೋಗಿ, "ಎಲ್ಲಿ, ಕೊಡ್ರೀ ಪೆನ್ನು" ಎಂದೆ.

"ಪೆನ್ನು ಆಮೇಲೆ. ಮೊದಲು ನೋಡಿ" ಎಂದರು. ಪುಡಿಯನ್ನು ನಾಲ್ಕು ಭಾಗ ಮಾಡಿದ್ದು, ನಾಲ್ಕು ಡಬ್ಬಿಗೆ ತುಂಬಿದ್ದು, ಕಾಗದ ಸುತ್ತಿದ್ದು, ದಾರ ಬಿಗಿದದ್ದು, ಮೇಣದ ಬತ್ತಿಯಲ್ಲಿ ಅರಗು ಕರಗಿಸಿ ಗಂಟಿನ ಮೇಲೆ ಮೊಹರು ಒತ್ತಿದ್ದು, ಎಲ್ಲವನ್ನೂ ನೋಡಿಸಿದರು. ಗಾಳಿಗೆ ಬತ್ತಿ ಆರುತ್ತಿತ್ತು, ನಾನು ನನ್ನ ಅಂಗಡಿಯ ತಟ್ಟೆ ತಂದು ಅಡ್ಡ ಹಿಡಿದೆ. ಮುಕ್ಕಾಲು ಗಂಟೆಯ ಮೇಲೆ ಪೆನ್ನು ಕೊಟ್ಟರು. ಕೋಪಕ್ಕೆ ಹಾಕಿದ ಒಂದು ಸಹಿ, ಅಲ್ಲಿಂದ ಏಳೆಂಟು ವರ್ಷ ನಾನು ಅವರ ಖಾಯಂ ಸಾಕ್ಷಿ. ಎದುರಂಗಡಿಯವರು ಮಾತು ಬಿಟ್ಟರು. ನನ್ನ ಹೆಂಡತಿ, "ನಿಮಗ್ಯಾಕ್ರೀ ಊರ ಉಸಾಬರಿ? ಮಿಠಾಯಿ ಮಾರ್ಕಂಡು ತೆಪ್ಪಗಿರಕ್ಕಾಗಲ್ವಾ?" ಎಂದಳು. ಆಗುತ್ತಿರಲಿಲ್ಲ. ಒಂದು ಸಲ ಕಣ್ಣಿಟ್ಟು ನೋಡಿ ಅಭ್ಯಾಸವಾದ ಮೇಲೆ ತೆಪ್ಪಗಿರುವುದು ಕಷ್ಟ.

ಅವರು ಮೂಲತಃ ಚಿಕ್ಕನಾಯಕನಹಳ್ಳಿ ಕಡೆಯವರು, ತೋಟದ ಮನೆಯವರು. ಇದು ನನಗೆ ತಿಳಿದದ್ದು ಅವರು ಒಂದು ಕೇಸು ಸೋತ ದಿನ. ಊರಾಚೆ ಒಂದು ಎಣ್ಣೆ ಮಿಲ್ಲಿದೆ. ಅಚ್ಚ ಕೊಬ್ಬರಿ ಎಣ್ಣೆ ಎಂದು ಡಬ್ಬದ ಮೇಲೆ ತೆಂಗಿನ ಮರದ ಚಿತ್ರ ಹಾಕಿ ಮಾರುತ್ತಿದ್ದರು. ಚಳಿಗಾಲದಲ್ಲಿ ಜನ ದೂರಲು ಶುರು ಮಾಡಿದರು: ಧನುರ್ಮಾಸದ ಚಳಿಗೆ ಕೊಬ್ಬರಿ ಎಣ್ಣೆ ಕಲ್ಲಾಗಬೇಕು, ಇದು ಅರ್ಧ ಗಟ್ಟಿ, ಮೇಲರ್ಧ ನೀರು ನೀರು. ಇವರು ಮೊದಲ ಬಸ್ಸಿಗೆ ಹೋಗಿ, ಮಾಲು ಮಾಯವಾಗುವ ಮೊದಲೇ ಎಂದು ಅವಸರದಲ್ಲಿ, ತೆರೆದಿದ್ದ ಟಿನ್ನಿನಿಂದ ಬಗ್ಗಿಸಿಕೊಂಡು ಬಾಟಲಿ ತುಂಬಿದರು. ನಾನೂ ಜೊತೆಗಿದ್ದೆ, ನನಗೂ ಹೊಳೆಯಲಿಲ್ಲ. ಲ್ಯಾಬಿನವರು ಪಾಮಾಯಿಲ್ ಬೆರಕೆ ಇದೆ ಎಂದು ಬರೆದರು. ವಿಚಾರಣೆಯಲ್ಲಿ ಮಿಲ್ಲಿನ ವಕೀಲರು ಒಂದೇ ಪ್ರಶ್ನೆ ಕೇಳಿದರು: ತಳದಲ್ಲಿ ಗಟ್ಟಿಯಾಗಿದ್ದುದನ್ನು ಬಿಟ್ಟು ಮೇಲೆ ತೇಲಿದ್ದನ್ನು ಮಾತ್ರ ತುಂಬಿಕೊಂಡು, ಅದನ್ನೇ ಇಡೀ ಟಿನ್ನಿನ ಎಣ್ಣೆ ಎಂದು ಹೇಗೆ ಹೇಳುತ್ತೀರಿ? ಕೇಸು ಬಿದ್ದುಹೋಯಿತು.

ಅವತ್ತು ಅವರು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ತಮ್ಮ ನೀರನ್ನು ತಾವೇ ಕುಡಿದರು. "ವಕೀಲರು ಕೇಳಿದ್ದು ಸರಿ. ತಪ್ಪು ನಂದು" ಎಂದರು. ಯಾರನ್ನೂ ಬೈಯಲಿಲ್ಲ. ನೀರಿನ ಬಾಟಲಿಯನ್ನು ಬುಟ್ಟಿಗೆ ಹಾಕುತ್ತಾ, "ನಮ್ಮ ಅಟ್ಟದ ಮೇಲೂ ಕೊಬ್ಬರಿ ಇದೆ ಕಣ್ರೀ" ಎಂದರು. "ಕೆಡವಿದ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇರ್ಬೇಕು. ಒಳಗಿನ ನೀರು ತಾನಾಗೇ ಇಂಗ್ಬೇಕು. ನಮ್ಮಮ್ಮ ದಿನಾ ಒಂದೊಂದು ಕಾಯಿ ಕಿವಿ ಹತ್ರ ಹಿಡ್ದು ಅಲ್ಲಾಡಿಸಿ ನೋಡೋಳು. ಅಷ್ಟು ಕಾದು ಆದ ಕೊಬ್ಬರಿ. ಅದ್ರ ಹೆಸರಲ್ಲಿ ಇವ್ರು ಯಾವುದೋ ಎಣ್ಣೆ ಸುರಿದು ಮಾರ್ತಾರೆ. ತಿನ್ನೋನಿಗೂ ಮೋಸ, ಬೆಳೆದೋನಿಗೂ ಮೋಸ." ಅವರು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮುಂದಿನ ಧನುರ್ಮಾಸದಲ್ಲಿ ಮತ್ತೆ ದೂರು ಬಂತು. ಮತ್ತೆ ಅದೇ ಮಿಲ್ಲಿನ ಮುಂದಿನ ಮಾರಾಟದ ಮಳಿಗೆ. ಏಳೂವರೆ ಗಂಟೆ, ತೆಂಗಿನ ಮರಗಳ ಅರ್ಧದವರೆಗೂ ಮಂಜು. ಕೌಂಟರಿನಲ್ಲಿದ್ದ ಟಿನ್ನಿನೊಳಗೆ ಎಣ್ಣೆ ಮತ್ತೆ ಅರ್ಧ ಕಲ್ಲು, ಅರ್ಧ ನೀರು. ಇವರು ಟಿನ್ನಿಗೆ ಕೈ ಮುಟ್ಟಿಸಿ, "ಇದನ್ನ ಹೊರಗೆ ಬಿಸಿಲಲ್ಲಿ ಇಡಿ. ಕರಗಲಿ. ಕಲಕಿ ತಗೋತೀನಿ" ಎಂದರು. ಮ್ಯಾನೇಜರು ನಕ್ಕ. "ಬಿಸ್ಲು ಎಲ್ಲೈತೆ ಮೇಡಂ?" "ಬರ್ತದೆ." "ಒಲೆ ಮೇಲಿಟ್ಟು ಕರಗಿಸ್ಕೊಡ್ತೀನಿ ಬುಡಿ." "ಬೇಡ. ಆಮೇಲೆ ನೀವೇ, ಕಾಯಿಸಿ ಕೆಡಿಸಿದ್ರು ಅಂತೀರಿ." ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಅಂಗಳಕ್ಕೆ ಎಳೆದುಕೊಂಡು, ಟಿನ್ನನ್ನು ಪಕ್ಕದಲ್ಲಿಟ್ಟುಕೊಂಡು, ಅದರ ಮೇಲೆ ಕೈ ಊರಿ ಕೂತರು. ನಾನು ನಿಂತೆ.

ಮಿಲ್ಲಿನ ಯಜಮಾನರು ಬಂದರು. ಗೌರವಸ್ಥರು, ಮಾತು ಬೆಣ್ಣೆ. ತಟ್ಟೆ ಇಡ್ಲಿ ತರಿಸಿದರು, ಇವರು ತಮ್ಮ ಡಬ್ಬಿ ಬಿಚ್ಚಿ ಚಪಾತಿ ತಿಂದರು. ಫೋನು ಬರಲು ಶುರುವಾಯಿತು. ಮೊದಲು ಇವರ ಮೇಲಿನವರದ್ದು, ಆಮೇಲೆ ಮೇಲಿನವರ ಮೇಲಿನವರದ್ದು. ಒಂದು ಫೋನಿಗಂತೂ ಎದ್ದು ನಿಂತು ಮಾತಾಡಿದರು: "ಹೌದು ಸಾರ್. ಎಣ್ಣೆ ಇನ್ನೂ ಕರಗಿಲ್ಲ ಸಾರ್. ಕರಗಿದ ತಕ್ಷಣ ನಾನೇ ಫೋನ್ ಮಾಡ್ತೀನಿ ಸಾರ್." ಮತ್ತೆ ಕೂತರು.

ಒಂಬತ್ತೂವರೆಗೆ ಬಿಸಿಲು ಬಿತ್ತು. ಬಿದ್ದ ಐದೇ ನಿಮಿಷಕ್ಕೆ ಕೊಬ್ಬರಿ ತುಂಬಿದ ಲಾರಿಯೊಂದು ರಿವರ್ಸ್ ಬಂದು ಸರಿಯಾಗಿ ನಮ್ಮ ಮುಂದೆ ನಿಂತಿತು. ನಮ್ಮ ಮೇಲೆ, ಟಿನ್ನಿನ ಮೇಲೆ ಪೂರ್ತಿ ನೆರಳು. ಡ್ರೈವರು ಕೀ ತೆಗೆದುಕೊಂಡು ಇಳಿದು ಎಲ್ಲೋ ಹೋದ. ಇವರು ಲಾರಿಯನ್ನು ಮೇಲಿಂದ ಕೆಳಗೆ ನೋಡಿದರು. "ಒಂದು ಕಡೆ ನೀವು ಹಿಡೀರಿ" ಎಂದರು. ಇಬ್ಬರೂ ಟಿನ್ನು ಹೊತ್ತು ಹತ್ತು ಮಾರು ಆಚೆ ಬಿಸಿಲಿಗೆ ತಂದೆವು. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರು ಬಂತು. ಮತ್ತೆ ಹೊತ್ತೆವು. ಆಮೇಲೆ ಅಂಗಳದ ತುಂಬ ಕೊಬ್ಬರಿ ಮೂಟೆ ಇಳಿಸಿ ಪೇರಿಸತೊಡಗಿದರು. ಟಿನ್ನು ರಸ್ತೆಗೇ ಬಂತು. ಟಾರು ರಸ್ತೆಯ ಅಂಚಿನಲ್ಲಿ ಕುರ್ಚಿ, ಕುರ್ಚಿಯಲ್ಲಿ ಮೇಡಂ, ಪಕ್ಕದಲ್ಲಿ ಎಣ್ಣೆ ಟಿನ್ನು. ಹೋಗುವ ಬಸ್ಸಿನವರೆಲ್ಲ ಕಿಟಕಿಯಲ್ಲಿ ಕತ್ತು ಹಾಕಿ ನೋಡಿದರು. ಯಾರೋ ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಬಿಟ್ಟರು, ನೊಣವಿನಕೆರೆಯಲ್ಲಿರುವ ನನ್ನ ಭಾವಮೈದ ಫೋನು ಮಾಡಿ, "ಭಾವ, ಟಾರ್ ರೋಡಲ್ಲಿ ಎಣ್ಣೆ ವ್ಯಾಪಾರ ಶುರು ಮಾಡಿದ್ರಾ?" ಎಂದು ಕೇಳಿದ. ಮೇಡಂ ನಗಲಿಲ್ಲ. ನನಗೆ ಮಾತ್ರ ಹೊಟ್ಟೆಯೊಳಗಿಂದ ನಗು ಬಂತು, ಜೊತೆಗೆ ಒಂದು ಥರದ ಹುರುಪು. ಇನ್ನು ಬೆಟ್ಟವನ್ನೇ ತಂದು ಅಡ್ಡ ಇಟ್ಟರೂ ಟಿನ್ನು ಹೊರುತ್ತೇನೆ ಎನ್ನಿಸಿತು.

ಹನ್ನೊಂದೂವರೆಗೆ ಎಣ್ಣೆ ತಳದವರೆಗೂ ಕರಗಿತು. ಹೊಸ ಸ್ಟೀಲಿನ ಉದ್ದ ಸೌಟು ಕೊಂಡು ತಂದಿದ್ದರು. ತಳ ಮುಟ್ಟಿ ಕಲಕಿದರು. ನನ್ನ ಕೈಯಲ್ಲೂ ಕಲಕಿಸಿದರು. ನಾಲ್ಕು ಬಾಟಲಿ ತುಂಬಿ, ಕಟ್ಟಿ, ಮೊಹರು ಒತ್ತಿದರು. ಯಜಮಾನರು ಸಹಿ ಹಾಕುವುದಿಲ್ಲ ಎಂದರು. "ನಿಮ್ಮಿಷ್ಟ. ಹಾಕಲ್ಲ ಅಂದ್ರು ಅಂತ ಬರೀತೀನಿ" ಎಂದು ಬರೆದು, ಪೆನ್ನನ್ನು ನನಗೆ ಕೊಟ್ಟರು. ಆ ನಾಲ್ಕು ಬಾಟಲಿಯ ಮೇಲೆ, ಅವರದ್ದು ಬಿಟ್ಟರೆ, ನನ್ನದೊಂದೇ ಸಹಿ.

ಲ್ಯಾಬಿನ ವರದಿ ಬಂತು, ಬೆರಕೆ ಎಂದೇ ಬಂತು. ತುಮಕೂರಿನಲ್ಲಿ ಅಪರ ಜಿಲ್ಲಾಧಿಕಾರಿಗಳ ಮುಂದೆ ವಿಚಾರಣೆಯ ನೋಟಿಸೂ ಹೋಯಿತು. ಒಂದು ಮಧ್ಯಾಹ್ನ ಮಿಲ್ಲಿನ ಮ್ಯಾನೇಜರು ನನ್ನ ಅಂಗಡಿಗೆ ಬಂದು ಕಾಲು ಕೆಜಿ ಕೊಬ್ಬರಿ ಮಿಠಾಯಿ ಕೇಳಿದ. ನಮ್ಮ ಅಂಗಡಿಯ ಕೊಬ್ಬರಿ ಮಿಠಾಯಿ ಎಂದರೆ ಸುತ್ತಮುತ್ತ ಹೆಸರುವಾಸಿ. ಗಾಢ ಗುಲಾಬಿ ಬಣ್ಣ. ತಿಂದ ಮಕ್ಕಳು ನಾಲಿಗೆ ಚಾಚಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ಅವನು ಒಂದು ತುಂಡನ್ನು ಕೌಂಟರಿನ ಮೇಲಿಟ್ಟು, ಮೇಲೆ ನಾಲ್ಕು ಹನಿ ನೀರು ಹಾಕಿದ. ಗುಲಾಬಿ ನೀರು ಹರಿದು ಗಾಜಿನ ಅಂಚಿಗೆ ಬಂತು. "ಇದು ಯಾವ ಬಣ್ಣ ಅಣ್ಣ?" ಎಂದ. ನಾನು ಬಟ್ಟೆ ತೆಗೆದುಕೊಂಡು ಗಾಜು ಒರೆಸಿದೆ. ಅವನು ಮುಂದುವರಿಸಿದ: "ನೀನು ತುಮಕೂರಲ್ಲಿ ಒಂದೇ ಮಾತು ಹೇಳು. ಸಹಿ ಅಂಗಡೀಲಿ ಕೂತು ಹಾಕ್ದೆ, ಎಣ್ಣೆ ತೆಗ್ದಿದ್ದು ನೋಡ್ಲಿಲ್ಲ ಅಂತ. ಇಲ್ಲಾಂದ್ರೆ ಈ ತುಂಡು ನಿಮ್ಮ ಮೇಡಂ ಲ್ಯಾಬಿಗೇ ಹೋಯ್ತದೆ. ಸಾಕ್ಷಿದಾರನ ಯೋಗ್ಯತೆ ಪೇಪರಲ್ಲಿ ಬತ್ತದೆ."

ನಿಜ ಹೇಳುತ್ತೇನೆ. ಊರವರ ಬಾಟಲಿಗಳಿಗೆಲ್ಲ ಸಹಿ ಹಾಕಿದ ನನಗೆ, ನನ್ನ ಕೈಯಾರೆ ಬೆರೆಸುತ್ತಿದ್ದ ಬಣ್ಣದ ಮೇಲೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಅಪ್ಪ ಹಾಕುತ್ತಿದ್ದರು, ನಾನೂ ಹಾಕುತ್ತಿದ್ದೆ. ಕಾಗದದ ಪುಡಿಕೆಯಲ್ಲಿ ಬರುತ್ತಿತ್ತು, ಮೇಲೆ ಹೆಸರಿಲ್ಲ, ಗುರುತಿಲ್ಲ. ಒಂದು ಚಿಟಿಕೆಗೆ ಇಡೀ ಬಾಣಲೆ ಕೆಂಪಾಗುತ್ತಿತ್ತು. ಎದುರಂಗಡಿಯ ಖಾರದ ಪುಡಿಯನ್ನು ಅನುಮಾನದಿಂದ ನೋಡಿದ ಕಣ್ಣಿಗೆ ಸ್ವಂತ ಬಾಣಲೆ ಕಾಣಲಿಲ್ಲ.

ಮಾರನೇ ದಿನ ಬೆಳಿಗ್ಗೆ ತಿಪಟೂರಿನ ಅವರ ಆಫೀಸಿಗೆ ಹೋದೆ. ನಡೆದದ್ದೆಲ್ಲ ಹೇಳಿದೆ. ಮ್ಯಾನೇಜರನ ಮೇಲೆ ಕೆಂಡವಾಗುತ್ತಾರೆ ಎಂದುಕೊಂಡಿದ್ದೆ. ಅವರು ಅವನ ಮಾತೇ ಎತ್ತಲಿಲ್ಲ.

"ಎಷ್ಟು ವರ್ಷದಿಂದ ಆ ಪುಡಿ ಹಾಕ್ತಿದೀರಿ?"

"ಅಪ್ಪನ ಕಾಲದಿಂದ ಮೇಡಂ."

"ನಾನು ನಿಮ್ಮ ಬೆಂಚಿನ ಮೇಲೆ ಎಷ್ಟು ಸಲ ಕೂತಿದೀನಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಲೆ ತಗ್ಗಿಸಿದರು. "ಕಣ್ಣ ಮುಂದೇ ಇತ್ತು. ನಿಮ್ಮದು ಅಂತ ನಾನು ನೋಡ್ಲಿಲ್ಲ. ಇದೂ ನಂದೇ ತಪ್ಪು." ಆಮೇಲೆ ಕನ್ನಡಕ ಹಾಕಿಕೊಂಡರು. "ನಾಳೆ ಬರ್ತೀನಿ. ಇರೋ ಮಿಠಾಯಿ ಎಸೀಬೇಡಿ. ಮಾರಲೂ ಬೇಡಿ."

"ಮೇಡಂ, ತುಮಕೂರಿನ ಕೇಸು ಕೆಡ್ತದೆ. ಇರೋನೊಬ್ಬ ಸಾಕ್ಷಿ ನಾನು."

"ಕೆಟ್ರೆ ಕೆಡ್ಲಿ. ಅದನ್ನ ಉಳಿಸ್ಕೊಳ್ಳೋಕೆ ಇದನ್ನ ಮುಚ್ಚಿಟ್ರೆ, ನನಗೂ ಆ ಮಿಲ್ಲಿನೋರಿಗೂ ಏನು ವ್ಯತ್ಯಾಸ?"

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವರನ್ನು ಮನಸ್ಸಿನಲ್ಲೇ ಸಿಕ್ಕಾಪಟ್ಟೆ ಬೈದುಕೊಂಡೆ. ಇಷ್ಟು ವರ್ಷ ಊರನ್ನೆಲ್ಲ ಎದುರು ಹಾಕಿಕೊಂಡದ್ದಕ್ಕೆ ಇದಾ ಉಡುಗೊರೆ? ಮನೆಗೆ ಬಂದು ಹೇಳಿದರೆ ಹೆಂಡತಿ ಮಿಠಾಯಿ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೊರಟಳು. "ಗುಂಡಿ ತೋಡಿ ಮುಚ್ಚಿ ಬುಡನ. ನಾಳೆ ಬಿಳೀದು ಮಾಡಿಡಿ. ಯಾರಿಗೆ ಗೊತ್ತಾಯ್ತದೆ?" ಎಂದಳು. ತಟ್ಟೆಗೆ ನಾನೂ ಕೈ ಹಚ್ಚಿದೆ. ಹಚ್ಚಿದ ಕೈಗೆ ಗುಲಾಬಿ ಬಣ್ಣ ಅಂಟಿತು. ನಾಲಿಗೆ ಚಾಚುತ್ತಿದ್ದ ಮಕ್ಕಳು ನೆನಪಾದರು. "ಒಳಗಿಡೇ" ಎಂದೆ. ಅವಳು ತಟ್ಟೆಯನ್ನು ದಡಕ್ಕನೆ ಒಳಗಿಟ್ಟು ಬಾಗಿಲು ಹಾಕಿಕೊಂಡಳು.

ಮೇಡಂ ಬಂದರು. ನನ್ನನ್ನು ಹೊಸಬನ ಹಾಗೆ ನೋಡಿ ನೋಟಿಸು ಕೊಟ್ಟರು, ಮಿಠಾಯಿಗೆ ದುಡ್ಡು ಕೊಟ್ಟು ರಸೀದಿ ಕೇಳಿದರು. ಸಾಕ್ಷಿಗೆ ಯಾರು ಬರುತ್ತೀರಿ ಎಂದದ್ದೇ ತಡ, ಬೀದಿಯಲ್ಲಿ ನಾ ಮುಂದು ತಾ ಮುಂದು. ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದವನು ಮಿಲ್ಲಿನ ಮ್ಯಾನೇಜರೇ. ತಾನು ಫೋನು ಮಾಡಿ ದೂರು ಕೊಡುವ ಮೊದಲೇ ಇವರು ಬಂದುಬಿಟ್ಟದ್ದು ಅವನಿಗೆ ಅರ್ಥವಾಗಿರಲಿಲ್ಲ, ಆದರೆ ತಮಾಷೆ ತಪ್ಪಿಸಿಕೊಳ್ಳಲು ಮನಸ್ಸಿರಲಿಲ್ಲ. ನಾಲ್ಕು ಪೊಟ್ಟಣಕ್ಕೂ ಸಾಕ್ಷಿಯಾಗಿ ದೊಡ್ಡದಾಗಿ ಸಹಿ ಹಾಕಿದ.

ವರದಿ ಬಂತು. ತಿನ್ನುವ ಬಣ್ಣವೇ ಅಲ್ಲ, ಬಟ್ಟೆಗೆ ಹಾಕುವ ಬಣ್ಣ. ಆ ಕಾಗದ ಓದಿ ನನಗೆ ಊಟ ಸೇರಲಿಲ್ಲ. ಅಪ್ಪನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ ಎಂದು ಎಷ್ಟು ಹೇಳಿಕೊಂಡರೂ ತಿಂದವರ ಹೊಟ್ಟೆಗೆ ಅದು ಸಮಾಧಾನವಲ್ಲ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡೆ. ದಂಡ ಕಟ್ಟಿ, ಕೋರ್ಟು ಏಳುವವರೆಗೂ ಅಲ್ಲೇ ಕೂತಿರಬೇಕು ಎಂದು ಶಿಕ್ಷೆಯಾಯಿತು. ಹಿಂದಿನ ಬೆಂಚಿನಲ್ಲಿ ಕೂತೆ. ಮೇಡಂ ಕೆಲಸ ಆಗಲೇ ಮುಗಿದಿತ್ತು, ಹೋಗಬಹುದಿತ್ತು. ಹೋಗಲಿಲ್ಲ. ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಬಂದು ಡಬ್ಬಿ ಬಿಚ್ಚಿ ಎರಡು ಚಪಾತಿಯನ್ನು ನನ್ನ ಕಡೆ ತಳ್ಳಿ, "ಇದ್ರಲ್ಲಿ ಬಣ್ಣ ಇಲ್ಲ, ತಿನ್ನಿ" ಎಂದರು. ನಾನು ತಿಂದೆ. ಸಂಜೆ ಜಡ್ಜ್ ಸಾಹೇಬರು ಏಳುವವರೆಗೂ ಅವರೂ ಎದ್ದಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೇ ಅವರ ವರ್ಗ. ಮೈಸೂರು ಪಾಕಿನ ಕಥೆ ಆಗಲೇ ಹೇಳಿದೆ. ತುಮಕೂರಿನ ವಿಚಾರಣೆಯ ದಿನ ಅವರು ಆ ದೂರದ ಊರಿನಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ನನ್ನನ್ನು ಸಾಕ್ಷಿಗೆ ಕರೆದರು. ಮಿಲ್ಲಿನ ವಕೀಲರು ಎಣ್ಣೆಯ ವಿಷಯ ಕೇಳಲೇ ಇಲ್ಲ.

"ನೀವು ಮಿಠಾಯಿಗೆ ವಿಷದ ಬಣ್ಣ ಹಾಕಿ ಮಾರಿದವರು, ಹೌದೋ ಅಲ್ಲವೋ?"

"ಹೌದು ಸಾರ್."

"ಮಕ್ಕಳಿಗೆ ಮಾರಿದಿರಿ?"

"ಮಾರಿದೆ ಸಾರ್."

"ಕೋರ್ಟಿನಲ್ಲಿ ಶಿಕ್ಷೆಯಾಗಿದೆ?"

"ಆಗಿದೆ."

ವಕೀಲರು ಅಪರ ಜಿಲ್ಲಾಧಿಕಾರಿಗಳ ಕಡೆ ತಿರುಗಿದರು. "ಇಂಥವರ ಒಂದು ಸಹಿಯ ಮೇಲೆ ನಮ್ಮ ಕಕ್ಷಿದಾರರ ಮರ್ಯಾದೆ ಕಳೆಯಬೇಕಂತೆ. ಇವರನ್ನು ನಂಬಬೇಕಾ?"

ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಆದರೂ ಬಾಯಿಗೆ ಮಾತು ಬಂತು. "ನನ್ನ ನಂಬಬೇಡಿ ಸಾರ್" ಎಂದು ವಕೀಲರಿಗೇ ಹೇಳಿದೆ. "ನಾನು ತಪ್ಪು ಮಾಡ್ದೋನೇ. ಆದ್ರೆ ನನ್ನ ಹಿಡ್ದೋರು ಯಾರು ಅಂತ ಕೇಳಿ. ನಮ್ಮೂರಲ್ಲಿ ಇವ್ರ ಪರ ಸಹಿ ಹಾಕೋನು ನಾನೊಬ್ನೇ. ಆ ಒಬ್ನನ್ನೂ ಇವ್ರು ಬುಡ್ಲಿಲ್ಲ. ಈ ಕೇಸು ಬಿದ್ದೋಯ್ತದೆ ಅಂತ ಗೊತ್ತಿದ್ದೂ ಬುಡ್ಲಿಲ್ಲ. ಅಂಥೋರು ನಿಮ್ಮ ಮಿಲ್ಲಿನ ಮೇಲೆ ಸುಳ್ಳು ಬಾಟ್ಲಿ ಕಟ್ತಾರಾ? ಇವ್ರು ಹೆಂಗೆ ಕಟ್ತಾರೆ, ಹೆಂಗೆ ಮೊಹರು ಹಾಕ್ತಾರೆ ಅಂತ ನನ್ನ ಬಾಯಲ್ಲಿ ಕೇಳೋದು ಬೇಡ. ನನ್ನ ಮಿಠಾಯಿಗೆ ಸಾಕ್ಷಿ ಸಹಿ ಹಾಕ್ದೋರು ಅಲ್ಲೇ ನಿಮ್ಮ ಹಿಂದೆ ಕೂತವ್ರೆ, ಅವ್ರನ್ನೇ ಕೇಳಿ."

ಎಲ್ಲರೂ ಮ್ಯಾನೇಜರನ ಕಡೆ ತಿರುಗಿದರು. ಅವನು ಕಾಲ ಬುಡದಲ್ಲಿ ಏನನ್ನೋ ಹುಡುಕತೊಡಗಿದ. ವಕೀಲರು ಕಾಗದ ಜೋಡಿಸಿಕೊಂಡು, ಇನ್ನೇನೂ ಕೇಳುವುದಿಲ್ಲ ಎಂದು ಕೂತರು. ಮಿಲ್ಲಿಗೆ ದಂಡದ ಆದೇಶ ಆಮೇಲೆ ಅಂಚೆಯಲ್ಲಿ ಬಂತು.

ಹೊರಗೆ ಮೆಟ್ಟಿಲ ಮೇಲೆ ಅವರು ನನ್ನನ್ನು ಹೊಗಳಲಿಲ್ಲ. "ಸಾಕ್ಷಿ ಹೇಳೋರು ಅಷ್ಟು ಜೋರಾಗಿ ಕೂಗಬಾರ್ದು" ಎಂದರು. ಆಮೇಲೆ ಬಸ್ ಸ್ಟ್ಯಾಂಡಿನವರೆಗೂ ನಡೆದು, ಹತ್ತುವ ಮೊದಲು ನಿಂತು, "ಈಗ ಮಿಠಾಯಿಗೆ ಏನು ಹಾಕ್ತಿದೀರಿ?" ಎಂದು ಕೇಳಿದರು.

"ಏನೂ ಇಲ್ಲ ಮೇಡಂ. ಬರೀ ಬಿಳೀದು."

ಸಂತೋಷ ಎನ್ನಲಿಲ್ಲ, ನಂಬುತ್ತೇನೆ ಎನ್ನಲಿಲ್ಲ. "ಒಂದಿನ ಬಂದು ನೋಡ್ತೀನಿ" ಎಂದು ಬಸ್ಸು ಹತ್ತಿದರು.

ಬರಲಿ. ತಟ್ಟೆ ಮುಂದೆಯೇ ಇಟ್ಟಿದ್ದೇನೆ.